ಚುನಾವಣೆಗೆ ಮುಂಚಿನ ಕಾವಲು

ಭಾರತದಲ್ಲಿ ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗಳ ಹೊಣೆಯನ್ನು ಸಂವಿಧಾನದ 324ನೇ ವಿಧಿ ಒಂದೇ ಆಯೋಗಕ್ಕೆ ವಹಿಸಿದೆ. ಅಮೆರಿಕದಲ್ಲಿ ಹಾಗಲ್ಲ, ಮತದಾರರ ನೋಂದಣಿ, ಮತಗಟ್ಟೆಯ ಜಾಗ, ವಾರ್ಡಿನ ಗಡಿ ಇವೆಲ್ಲವನ್ನೂ ರಾಜ್ಯಗಳು, ಇಲ್ಲಿನ ಜಿಲ್ಲೆಗಳನ್ನು ಹೋಲುವ ಕೌಂಟಿಗಳು ಮತ್ತು ಪುರಸಭೆಗಳೇ ತೀರ್ಮಾನಿಸುತ್ತವೆ. ಜನಾಂಗ ಅಥವಾ ಬಣ್ಣದ ಕಾರಣಕ್ಕೆ ಮತದಾನದ ಹಕ್ಕನ್ನು ಕಸಿಯಕೂಡದೆಂದು 1870ರ 15ನೇ ತಿದ್ದುಪಡಿ ಸಾರಿದ್ದರೂ, ದಕ್ಷಿಣದ ರಾಜ್ಯಗಳು ಬಣ್ಣದ ಹೆಸರೆತ್ತದೆಯೇ, ಅಕ್ಷರ ಪರೀಕ್ಷೆ, ಮತದಾನಕ್ಕೆ ಕಂದಾಯ ಮುಂತಾದ ಷರತ್ತುಗಳಿಂದ ಕಪ್ಪು ಜನರನ್ನು ದಶಕಗಳ ಕಾಲ ಹೊರಗಿಟ್ಟವು. 1957ರಲ್ಲಿ ಅಲಬಾಮ ರಾಜ್ಯವು ಟಸ್ಕೀಗಿ ಪಟ್ಟಣದ ಚೌಕಾಕಾರದ ಎಲ್ಲೆಯನ್ನು 28 ಬದಿಗಳ ವಕ್ರ ಆಕೃತಿಯಾಗಿ ಬದಲಿಸಿದಾಗ, ಸುಮಾರು 400 ಕಪ್ಪು ಮತದಾರರಲ್ಲಿ ಪಟ್ಟಣದೊಳಗೆ ಉಳಿದವರು ನಾಲ್ಕೈದು ಮಂದಿ ಮಾತ್ರ.

ನ್ಯಾಯಾಲಯ ಇಂತಹ ಒಂದು ನಿಯಮವನ್ನು ರದ್ದುಗೊಳಿಸುವಷ್ಟರಲ್ಲಿ ಮತ್ತೊಂದು ಹುಟ್ಟಿಕೊಳ್ಳುತ್ತಿತ್ತು. ಸೆಲ್ಮಾ ಪಟ್ಟಣದ ಸೇತುವೆಯ ಮೇಲೆ ಹಕ್ಕು ಕೇಳಲು ಹೊರಟವರನ್ನು ಪೊಲೀಸರು ಥಳಿಸಿದ ಕೆಲವೇ ತಿಂಗಳುಗಳಲ್ಲಿ, 1965ರ ಆಗಸ್ಟ್ 6ರಂದು ಜಾರಿಗೆ ಬಂದ ಮತದಾನ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಈ ಆಟಕ್ಕೆ ತಡೆ ಹಾಕಿತು. ಅಕ್ಷರ ಪರೀಕ್ಷೆಯಂತಹ ಷರತ್ತು ಇದ್ದು, 1964ರ ಅಧ್ಯಕ್ಷೀಯ ಚುನಾವಣೆಯ ವೇಳೆ ವಯಸ್ಕರಲ್ಲಿ ಅರ್ಧಕ್ಕಿಂತ ಕಡಿಮೆ ಜನ ನೋಂದಾಯಿಸಿಕೊಂಡಿದ್ದ ಅಥವಾ ಮತ ಹಾಕಿದ್ದ ಪ್ರದೇಶಗಳು, ಚುನಾವಣೆಯ ಯಾವ ನಿಯಮವನ್ನು ಬದಲಿಸಬೇಕಾದರೂ, ಒಕ್ಕೂಟ ಸರ್ಕಾರದ ಅಟಾರ್ನಿ ಜನರಲ್ ಅಥವಾ ವಾಷಿಂಗ್ಟನ್ನಿನ ನ್ಯಾಯಾಲಯದ ಒಪ್ಪಿಗೆಯನ್ನು ಮೊದಲೇ ಪಡೆಯಬೇಕಿತ್ತು. ಪೂರ್ವಾನುಮೋದನೆ ಎಂಬ ಈ ಏರ್ಪಾಡಿನ ತಿರುಳಿರುವುದು ಹೊಣೆಯ ಅದಲುಬದಲಿನಲ್ಲಿ: ಅನ್ಯಾಯವಾಯಿತೆಂದು ಮತದಾರ ಸಾಬೀತುಪಡಿಸಬೇಕಿರಲಿಲ್ಲ, ಅನ್ಯಾಯವಾಗುವುದಿಲ್ಲವೆಂದು ಆಡಳಿತವೇ ತೋರಿಸಬೇಕಿತ್ತು, ಅಲ್ಲಿಯವರೆಗೆ ನಿಯಮ ಕಾಯುತ್ತಿತ್ತು. ಅಕ್ಷರ ಪರೀಕ್ಷೆಗಳ ನಿಷೇಧವೂ ಸೇರಿದಂತೆ ಕಾಯ್ದೆಯ ಒಟ್ಟು ಬಲದಿಂದ, ಮಿಸಿಸಿಪ್ಪಿಯಲ್ಲಿ ನೋಂದಾಯಿತ ಕಪ್ಪು ಮತದಾರರ ಪ್ರಮಾಣ ಶೇ 7ಕ್ಕೂ ಕಡಿಮೆಯಿದ್ದದ್ದು 1967ರ ಹೊತ್ತಿಗೆ ಶೇ 60ರ ಸಮೀಪಕ್ಕೆ ಏರಿತು.

ಈ ಕಾವಲಿನ ನಿಜವಾದ ಬೆಲೆ ತಿಳಿಯುವುದು ಸುದ್ದಿಯಾಗದ ಸಣ್ಣ ಊರುಗಳಲ್ಲಿ. ಮಿಸಿಸಿಪ್ಪಿಯ ಕಿಲ್‌ಮೈಕೆಲ್ ಪಟ್ಟಣದಲ್ಲಿ ಕಪ್ಪು ಜನರು ಬಹುಸಂಖ್ಯಾತರಾಗಿರುವುದು ಜನಗಣತಿಯಿಂದ ಗೊತ್ತಾಗಿ, ಹಿಂದೆಂದೂ ಇಲ್ಲದಷ್ಟು ಕಪ್ಪು ಅಭ್ಯರ್ಥಿಗಳು ಕಣಕ್ಕಿಳಿದಾಗ, ಬಿಳಿಯರೇ ತುಂಬಿದ್ದ ಆಡಳಿತ ಮಂಡಳಿ 2001ರ ಚುನಾವಣೆಯನ್ನೇ ರದ್ದುಪಡಿಸಿತು. ಒಕ್ಕೂಟ ಸರ್ಕಾರ ಒಪ್ಪಿಗೆ ನಿರಾಕರಿಸಿದ್ದರಿಂದ 2003ರಲ್ಲಿ ಚುನಾವಣೆ ನಡೆದು, ಪಟ್ಟಣಕ್ಕೆ ಮೊದಲ ಬಾರಿಗೆ ಕಪ್ಪು ಮೇಯರ್ ದೊರೆತರು. ಅಲಬಾಮದ ಶೆಲ್ಬಿ ಕೌಂಟಿಯ ಕಲೀರಾದಲ್ಲಿ ವಾರ್ಡುಗಳ ಗಡಿಯನ್ನು ಹೊಸದಾಗಿ ಎಳೆದಾಗ, ಒಬ್ಬನೇ ಕಪ್ಪು ಸದಸ್ಯ ಪ್ರತಿನಿಧಿಸುತ್ತಿದ್ದ ವಾರ್ಡಿನಲ್ಲಿ ಕಪ್ಪು ಜನರ ಪಾಲು ಶೇ 70ರ ಆಸುಪಾಸಿನಿಂದ ಶೇ 30ರ ಹತ್ತಿರಕ್ಕೆ ಕುಸಿಯಿತು. ಒಕ್ಕೂಟ ಸರ್ಕಾರದ ಆಕ್ಷೇಪವನ್ನು ಲೆಕ್ಕಿಸದೆ 2008ರಲ್ಲಿ ನಡೆಸಿದ ಚುನಾವಣೆಯಲ್ಲಿ ಸೋತ ಆತ, ಸರ್ಕಾರದ ಮಧ್ಯಪ್ರವೇಶದಿಂದ ನಡೆದ ಮರುಚುನಾವಣೆಯಲ್ಲಿ ಗೆದ್ದ. ಇಂತಹ ಪುಟ್ಟ ಊರಿನ ಮತದಾರರು ವರ್ಷಗಟ್ಟಲೆ ದಾವೆ ನಡೆಸುವ ಖರ್ಚನ್ನು ಎಲ್ಲಿಂದ ತರಬೇಕಿತ್ತು?

2006ರಲ್ಲಿ ಸೆನೆಟ್ 98–0 ಮತಗಳಿಂದ ಕಾಯ್ದೆಯನ್ನು 25 ವರ್ಷಗಳಿಗೆ ನವೀಕರಿಸಿತ್ತು. ಆದರೆ ಅದೇ ಶೆಲ್ಬಿ ಕೌಂಟಿ ಹೂಡಿದ ದಾವೆಯಲ್ಲಿ, 2013ರ ಜೂನ್ 25ರಂದು, ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ, ಪ್ರದೇಶಗಳನ್ನು ಗುರುತಿಸುವ ಸೂತ್ರ ಹಳತಾಗಿದೆಯೆಂದು ಅದನ್ನು ರದ್ದುಗೊಳಿಸಿತು. 5ನೇ ಸೆಕ್ಷನ್ ಪುಸ್ತಕದಲ್ಲಿ ಉಳಿದರೂ ಅನ್ವಯಿಸಲು ಊರೇ ಇಲ್ಲದಂತಾಯಿತು. ಸೂತ್ರದ ಅಂಕಿಅಂಶಗಳು ಹಳೆಯವೆಂಬ ಮಾತು ಸುಳ್ಳಲ್ಲ. ಆದರೆ ಕಲೀರಾದ ಘಟನೆಗೆ ಆಗ ಐದೇ ವರ್ಷವಾಗಿತ್ತು. ತೀರ್ಪಿನ ಬೆನ್ನಲ್ಲೇ ನಾರ್ತ್ ಕೆರೊಲಿನಾ ಗುರುತಿನ ಚೀಟಿಯನ್ನು ಕಡ್ಡಾಯಗೊಳಿಸಿ, ಮುಂಗಡ ಮತದಾನದ ದಿನಗಳನ್ನು ಕಡಿತಗೊಳಿಸಿದ ಕಾನೂನನ್ನು ತಂದಿತು. ಅದು ಕಪ್ಪು ಮತದಾರರನ್ನು ಗುರಿಯಾಗಿಸಿದ್ದೆಂದು ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿದ್ದು 2016ರಲ್ಲಿ. ಅಷ್ಟರಲ್ಲಿ ಅದರ ಹಲವು ನಿಯಮಗಳಡಿಯಲ್ಲೇ 2014ರ ಚುನಾವಣೆ ಮುಗಿದು, ಗೆದ್ದವರು ಅಧಿಕಾರದಲ್ಲಿದ್ದರು.