ಅಪ್ಪನ ಕೋವಿ ಬೇಕಾ, ಬೇಡವಾ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಒಂಟಿಮನೆಗಳು ಹೆಚ್ಚು. 'ಆಪತ್ತಿಗೆ ಇರಲಿ' ಅಂತ ಬೆಳೆರಕ್ಷಣೆ ಲೈಸೆನ್ಸಿನ ಕೋವಿ ಇಟ್ಟುಕೊಂಡವರು ನಮ್ಮಲ್ಲಿ ಸುಮಾರು ಜನ. ಅಪ್ಪ ತೀರಿಕೊಂಡ ಮೇಲೆ ಅವರ ಕೋವಿ ಠಾಣೆ ಸೇರಿತು. ಅದನ್ನೇ ನನ್ನ ಹೆಸರಿಗೆ ಮಾಡಿಸಲೋ, ಸಣ್ಣ .22 ರೈಫಲ್ ಕೊಳ್ಳಲೋ ಎಂಬ ಯೋಚನೆ ಬಂತು.

ಲೆಕ್ಕ ಹಾಕಿದೆ. ಚುನಾವಣೆ ಬಂದರೆ ಕೋವಿ ಠಾಣೆಗೆ ಒಪ್ಪಿಸಬೇಕು. 2023, 2024 ಎರಡೂ ವರ್ಷ ನಮ್ಮಲ್ಲಿ ಮತದಾನ ಮೇ ತಿಂಗಳಲ್ಲಿ; ಮಂಗಗಳು ಎಳೆ ಅಡಿಕೆ ಕಿತ್ತುಹಾಕೋದೂ ಆಗಲೇ! ಲೈಸೆನ್ಸನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಗದ್ದೆಗೆ ಹಂದಿ ಬಂತೆಂದು ಈಡು ಹೊಡೆಯುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಉಳಿಯೋದು ಹೆದರಿಸುವ ಸದ್ದು ಮಾತ್ರ. ರೈಫಲಿಗೆ ಅದೂ ಕಡಿಮೆ. ಆದರೆ ಗುಂಡು 1 ಕಿ.ಮೀ. ದಾಟಿ ಹೋದೀತು. ಆಚೆ ತೋಟದಲ್ಲಿ ಕೊನೆಗೌಡ ಮರದ ಮೇಲಿದ್ದರೆ?

ನಿಜವಾದ ಆಪತ್ತು ಬಂದದ್ದು ಕಳೆದ ಮಳೆಗಾಲದಲ್ಲಿ. ರಾತ್ರಿ ಅಮ್ಮನಿಗೆ ಎದೆನೋವು, ದಾರಿಗೆ ಮರ ಅಡ್ಡ, ಫೋನು ಸತ್ತಿತ್ತು. ಓಡಿಹೋಗಿ ಆಚೆಮನೆಯವರನ್ನು ಎಬ್ಬಿಸಿದೆ. ಅವರ ಗರಗಸ, ಜೀಪು ಅಮ್ಮನನ್ನು ಉಳಿಸಿದವು.

ಕೋವಿ ಬೇಡವೆಂದೆ. ಒಂದು ಗರಗಸ, ಒಳ್ಳೆ ಟಾರ್ಚು ತಂದಿಟ್ಟಿದ್ದೇನೆ. ಕೋವಿಯಿಂದ ಬೆಳೆ ಉಳಿಸಿಕೊಂಡವರಿದ್ದರೆ ದಯವಿಟ್ಟು ಬರೆಯಿರಿ.