ಐದು ಸಾಲಿನ ಪತ್ರ: ತಂಕಾ

ನನ್ನ ಉಪ್ಪ ದಮ್ಮಾಮಿನಲ್ಲಿ ಕೆಲಸ ಮಾಡುತ್ತಾರೆ. ಪ್ರತಿ ಶುಕ್ರವಾರ ಫೋನ್ ಮಾಡಿ "ಏನು ವಿಶೇಷ ಮಗಾ?" ಎಂದು ಕೇಳುತ್ತಾರೆ. "ಏನಿಲ್ಲ ಉಪ್ಪ" ಎಂದು ಹೇಳಿ ನಾನು ಫೋನನ್ನು ಉಮ್ಮನ ಕೈಗೆ ಕೊಡುತ್ತಿದ್ದೆ. ಹೇಳುವುದಕ್ಕೆ ಬಹಳ ಇರುತ್ತಿತ್ತು, ಆದರೆ ಎಲ್ಲಿಂದ ಆರಂಭಿಸಬೇಕೆಂದು ತಿಳಿಯುತ್ತಿರಲಿಲ್ಲ. ಆ ದಾರಿ ನನಗೆ ಸಿಕ್ಕಿದ್ದು ಜಪಾನಿನ ಒಂದು ಪುಟ್ಟ ಪದ್ಯದಿಂದ.

ಹಾಯ್ಕು ಬಗ್ಗೆ ನಮ್ಮಲ್ಲಿ ಹಲವರು ಕೇಳಿದ್ದೇವೆ. ತಂಕಾ ಅದಕ್ಕಿಂತ ಬಹಳ ಹಳೆಯದು. ಇದರಲ್ಲಿ ಐದು ಸಾಲುಗಳಿದ್ದು, ಕ್ರಮವಾಗಿ 5, 7, 5, 7, 7, ಒಟ್ಟು 31 ಧ್ವನಿಗಳಿರುತ್ತವೆ. ಎಂಟನೆಯ ಶತಮಾನದಲ್ಲಿ ಸಂಕಲನಗೊಂಡ 'ಮನ್‌ಯೋಶು' ಗ್ರಂಥದ ಸುಮಾರು 4,500 ಕವಿತೆಗಳಲ್ಲಿ ಹೆಚ್ಚಿನವು ತಂಕಾಗಳೇ. ಮನೆಯವರನ್ನು ಬಿಟ್ಟು ದೂರದ ಕರಾವಳಿಯ ಕಾವಲಿಗೆ ಹೋದ ಸೈನಿಕರ ಪದ್ಯಗಳೂ ಅದರಲ್ಲಿವೆ. ಮುಂದೆ ಅರಮನೆಯವರು ತಂಕಾಗಳನ್ನು ಪತ್ರದಂತೆ ಬರೆದು ಕಳುಹಿಸುತ್ತಿದ್ದರು. ಉತ್ತರವೂ ತಂಕಾದಲ್ಲಿಯೇ ಬರುತ್ತಿತ್ತು.

ಜಪಾನೀಯರ ಎಣಿಕೆ ನಮ್ಮ ಅಕ್ಷರದ ಎಣಿಕೆಯಂತಲ್ಲ. ದೀರ್ಘ ಸ್ವರಕ್ಕೆ ಅವರು ಎರಡು ಎಣಿಸುತ್ತಾರೆ. ಹಾಗಾಗಿ ಅವರಿಗೆ 'ಟೋಕಿಯೋ' ಎಂಬ ಹೆಸರಿನಲ್ಲಿ ನಾಲ್ಕು ಧ್ವನಿಗಳು. ನಾವು ಕಲಿತ ಲಘು-ಗುರು ಲೆಕ್ಕಕ್ಕೆ ಇದು ಹತ್ತಿರ. ಆದರೆ 31 ಮಾತ್ರೆಗಳಲ್ಲಿ ಕನ್ನಡದ ಮಾತು ಮುಗಿಯುವುದು ಕಷ್ಟ. ಅದಕ್ಕೇ ನಾನು ಅಕ್ಷರಗಳನ್ನು ಎಣಿಸುತ್ತೇನೆ. ಒತ್ತಕ್ಷರಕ್ಕೂ ಒಂದೇ ಲೆಕ್ಕ.

ನನ್ನ ಮೊದಲ ಪ್ರಯತ್ನ ಹೀಗಿತ್ತು:

ಮಳೆ ನಿಂತಿದೆ
ತಂತಿಯ ಮೇಲೆ ಬಟ್ಟೆ
ಇನ್ನೂ ಒದ್ದೆಯೇ
ಉಪ್ಪನ ನೆನಪಾಗಿ
ಅಳು ಬಂತು ನನಗೆ

ಇದನ್ನು ಓದಿದ ನಮ್ಮ ಕನ್ನಡ ಉಪನ್ಯಾಸಕರು, "ಅಳು ಬಂದದ್ದು ಗೊತ್ತಾಯಿತು. ಆದರೆ ಏನನ್ನು ನೋಡಿ ಬಂತು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಹೋಗಿ ಮತ್ತೆ ಅಂಗಳದಲ್ಲಿ ನಿಂತು ನೋಡಿದೆ. ತಂತಿಯ ಮೇಲೆ ಉಮ್ಮನ, ತಮ್ಮನ, ನನ್ನ ಬಟ್ಟೆಗಳಿದ್ದವು. ಕೊನೆಯ ಎರಡು ಸಾಲುಗಳನ್ನು ಬದಲಿಸಿದೆ:

ಮಳೆ ನಿಂತಿದೆ
ತಂತಿಯ ಮೇಲೆ ಬಟ್ಟೆ
ಇನ್ನೂ ಒದ್ದೆಯೇ
ಉಪ್ಪನ ಅಂಗಿಯೊಂದೇ
ಬೀರುವಿನೊಳಗಿದೆ

ತಂಕಾದಲ್ಲಿ ಭಾವನೆಯನ್ನು ನೇರವಾಗಿ ಹೇಳಲೇಬಾರದು ಎಂದೇನೂ ಇಲ್ಲ. ಹೇಳಿದ ದೊಡ್ಡ ಕವಿಗಳಿದ್ದಾರೆ. ಆದರೆ ಕಲಿಯುವವರಿಗೆ ಮಸಾಒಕಾ ಶಿಕಿ ಒಳ್ಳೆಯ ಗುರು. ಕಂಡದ್ದನ್ನು ಕಂಡಂತೆ ಚಿತ್ರಿಸಬೇಕು ಎಂದವರು ಅವರು. ಕ್ಷಯರೋಗದಿಂದ ಹಾಸಿಗೆ ಹಿಡಿದು 1902ರಲ್ಲಿ, ಕೇವಲ 34ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ, ಮಲಗಿದ್ದಲ್ಲಿಂದಲೇ ಕಾಣುತ್ತಿದ್ದ ಹೂವು ಮತ್ತು ಅಂಗಳವನ್ನು ಕುರಿತು ಬರೆದರು. ಇನ್ನು ಶಾಲಾ ಶಿಕ್ಷಕಿಯಾಗಿದ್ದ ತವಾರಾ ಮಾಚಿ 1987ರಲ್ಲಿ ಆಡುಮಾತಿನ ತಂಕಾಗಳ ಪುಸ್ತಕ ತಂದರು. ಅದರ ಲಕ್ಷಾಂತರ ಪ್ರತಿಗಳು ಮಾರಾಟವಾದವು. ಅದರ ಹೆಸರಿನಲ್ಲಿಯೇ 'ಸಲಾಡ್' ಇದೆ! ಅಡುಗೆಮನೆಯೂ ಕವಿತೆಗೆ ಸಾಕು ಎಂದಾಯಿತು.

ನೀವೂ ಬರೆಯಬಹುದು. ಮೊದಲ ಮೂರು ಸಾಲುಗಳಲ್ಲಿ ಇಂದು ಕಂಡ ಒಂದು ವಸ್ತುವನ್ನು ಇಡಿ: ಬಸ್ಸಿನ ಕಿಟಕಿ, ವುಝೂ ಮಾಡುವ ನಳ್ಳಿಯ ಕೆಳಗೆ ನೀರು ಕುಡಿಯುವ ಗುಬ್ಬಿ, ಲ್ಯಾಬಿನ ಒಡೆದ ಗಾಜು. ಕೊನೆಯ ಎರಡು ಸಾಲುಗಳಲ್ಲಿ ಸ್ವಲ್ಪ ತಿರುಗಿ, ನಿಮ್ಮ ಬದುಕಿನ ಕಡೆ ನೋಡಿ. ಅಕ್ಷರ ಒಂದೆರಡು ಹೆಚ್ಚು ಕಡಿಮೆಯಾದರೆ ಚಿಂತೆ ಬೇಡ. ಕಾಣದ್ದನ್ನು ಮಾತ್ರ ಬರೆಯಬೇಡಿ.

ಆ ಪದ್ಯವನ್ನು ಉಪ್ಪನಿಗೆ ವಾಟ್ಸಾಪಿನಲ್ಲಿ ಕಳುಹಿಸಿದೆ. ಎರಡು ದಿನ ಉತ್ತರ ಬರಲಿಲ್ಲ. ಬಳಿಕ ಒಂದು ಸಂದೇಶ ಬಂತು: "ಇಲ್ಲಿ ಮಳೆಯೇ ಇಲ್ಲ. ಅಂಗಿಗೆ ಒಮ್ಮೆ ಬಿಸಿಲು ತೋರಿಸು. ರಜೆಗೆ ಬಂದಾಗ ಹಾಕುತ್ತೇನೆ."

ಎಣಿಸಿ ನೋಡಲಿಲ್ಲ. ನನ್ನ ಪಾಲಿಗೆ ಅದೂ ಒಂದು ತಂಕಾ. ಈಗ ಶುಕ್ರವಾರ ಫೋನ್ ಬಂದರೆ ನಾನು "ಏನಿಲ್ಲ" ಎನ್ನುವುದಿಲ್ಲ.