ಅಭಿಮಾನಿ ಚಿತ್ರಗಳೊಳಗಿನ ಭೌತವಿಜ್ಞಾನ

ಮೆಚ್ಚಿದ ಸಿನಿಮಾದ ಒಂದು ದೃಶ್ಯವನ್ನೋ ಇಡೀ ಕಥೆಯನ್ನೋ ಹವ್ಯಾಸಿಗಳು ತಾವೇ ನಟಿಸಿ, ತಾವೇ ಚಿತ್ರೀಕರಿಸಿದರೆ ಅದು ಅಭಿಮಾನಿ ಚಿತ್ರ ಅಥವಾ ಫ್ಯಾನ್ ಫಿಲ್ಮ್. ಕನ್ನಡ, ತೆಲುಗು ಎರಡೂ ಭಾಷೆಗಳ ಸಿನಿಮಾ ನೋಡುತ್ತ ಬೆಳೆಯುವ ಬಳ್ಳಾರಿಯ ಹುಡುಗರಿಗೆ ಈ ಹುಚ್ಚನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹುಚ್ಚು ಹಳೆಯದೇ, ಅದನ್ನು ಊರಾಚೆಗೆ ಒಯ್ಯುವ ಸಾಧನ ಮಾತ್ರ ಹೊಸದು. ಆ ಸಾಧನವನ್ನೂ ತೆರೆಯ ಮೇಲಿನ ಸಾಹಸವನ್ನೂ ಅರ್ಥ ಮಾಡಿಕೊಳ್ಳಲು ಪಿಯುಸಿಯ ಭೌತವಿಜ್ಞಾನ ಬಹುಮಟ್ಟಿಗೆ ಸಾಕು.

1982ರಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಮೂವರು ಬಾಲಕರು ಸ್ಪೀಲ್‌ಬರ್ಗ್ ಅವರ 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್' ಚಿತ್ರವನ್ನು ದೃಶ್ಯದಿಂದ ದೃಶ್ಯಕ್ಕೆ ಮತ್ತೆ ತೆಗೆಯಲು ಹೊರಟರು. ಬೇಸಿಗೆ ರಜೆಗಳಲ್ಲೇ ಕೆಲಸ. ಮುಗಿದದ್ದು 1989ರಲ್ಲಿ, ಅದೂ ವಿಮಾನದ ಒಂದು ದೃಶ್ಯವನ್ನು ಬಿಟ್ಟು. ಮನೆಯೊಳಗೆ ನಿಜವಾದ ಬೆಂಕಿಯನ್ನೇ ಹಚ್ಚಿದ್ದರು! (ಇದನ್ನು ಯಾರೂ ಅನುಕರಿಸಬಾರದು.) ಟೇಪಿನಲ್ಲೇ ಉಳಿದಿದ್ದ ಆ ಚಿತ್ರ ಆಸ್ಟಿನ್ ನಗರದ ಚಿತ್ರಮಂದಿರದಲ್ಲಿ ಪ್ರದರ್ಶನಗೊಂಡು ಹೆಸರಾದದ್ದು 2003ರಲ್ಲಿ.

ನಮ್ಮ ದೇಶದಲ್ಲಿ ಈ ಬಗೆಯ ಚಿತ್ರಗಳಿಗೆ ಹೆಸರುವಾಸಿಯಾದದ್ದು ಮಹಾರಾಷ್ಟ್ರದ ವಿದ್ಯುತ್ ಮಗ್ಗಗಳ ಊರು ಮಾಲೆಗಾಂವ್. ವಿಡಿಯೊ ಪಾರ್ಲರ್ ನಡೆಸುತ್ತಿದ್ದ ಶೇಖ್ ನಾಸಿರ್ 2000ರಲ್ಲಿ 'ಮಾಲೆಗಾಂವ್ ಕೆ ಶೋಲೆ' ತೆಗೆದರು. ನಂತರ ಅವರು ಕೈಹಾಕಿದ್ದು ಸೂಪರ್‌ಮ್ಯಾನ್‌ಗೆ. ಅದರ ತಯಾರಿಯನ್ನು ಫೈಜಾ ಅಹ್ಮದ್ ಖಾನ್ 2008ರ ಸಾಕ್ಷ್ಯಚಿತ್ರದಲ್ಲಿ ದಾಖಲಿಸಿದ್ದಾರೆ. ಅಲ್ಲಿ ಕ್ಯಾಮೆರಾದ ಟ್ರಾಲಿ ಎಂದರೆ ಸೈಕಲ್ಲು. ನಾಯಕ ಹಾರುವುದು ಹಸಿರು ಬಟ್ಟೆಯ ಮುಂದೆ. ಹಸಿರೇ ಏಕೆ? ಮನುಷ್ಯರ ಚರ್ಮದಲ್ಲಿ ಆ ಬಣ್ಣವಿಲ್ಲ. ಜೊತೆಗೆ ಸಾಮಾನ್ಯ ಡಿಜಿಟಲ್ ಕ್ಯಾಮೆರಾದ ಸಂವೇದಕದಲ್ಲಿ ಪ್ರತಿ ನಾಲ್ಕು ಬೆಳಕಿನ ಕೋಶಗಳಲ್ಲಿ ಎರಡು ಹಸಿರಿಗೇ ಮೀಸಲು. ಹೀಗಾಗಿ ಹಿನ್ನೆಲೆಯನ್ನು ಕತ್ತರಿಸಿ ತೆಗೆಯುವಾಗ ಅಂಚು ಸ್ವಚ್ಛವಾಗಿ ಬರುತ್ತದೆ.

ಮುಂದಿನ ಹೆಜ್ಜೆ ನಮ್ಮ ನೆರೆಯ ಆಂಧ್ರದ ನೆಲ್ಲೂರಿನದು. 2020ರಲ್ಲಿ ಅಲ್ಲಿನ ಹುಡುಗರು 'ಸರಿಲೇರು ನೀಕೆವ್ವರು' ಚಿತ್ರದ ಹೊಡೆದಾಟವನ್ನು ಮೊಬೈಲಿನಲ್ಲಿ ಮರುಸೃಷ್ಟಿಸಿದ್ದು ಅಂತರಜಾಲದಲ್ಲಿ ಬಹಳ ಮೆಚ್ಚುಗೆ ಗಳಿಸಿತು. ಮಿಸಿಸಿಪಿಯ ಚಿತ್ರ ಪ್ರೇಕ್ಷಕರಿಗಾಗಿ ಹದಿನಾಲ್ಕು ವರ್ಷ ಕಾದಿತ್ತು, ನೆಲ್ಲೂರಿನದು ಕಾಯಬೇಕಾಗಲಿಲ್ಲ. ನಡುವೆ ಬದಲಾದದ್ದೇನು?

ಒಂದು ಲೆಕ್ಕ ಮಾಡಿ ನೋಡಿ. ಅಗಲಕ್ಕೆ 1920, ಎತ್ತರಕ್ಕೆ 1080 ಬಿಂದುಗಳು, ಬಿಂದುವಿಗೆ 24 ಬಿಟ್, ಸೆಕೆಂಡಿಗೆ 30 ಚೌಕಟ್ಟುಗಳು. ಗುಣಿಸಿದರೆ ಸೆಕೆಂಡಿಗೆ ಸುಮಾರು 149 ಕೋಟಿ ಬಿಟ್. ಒಂದು ನಿಮಿಷದ ಚಿತ್ರಕ್ಕೆ 11 ಗಿಗಾಬೈಟಿಗೂ ಹೆಚ್ಚು! 2003ರಲ್ಲಿ ಅಂಗೀಕಾರವಾದ ಎಚ್.264 ಸಂಕುಚನ ವಿಧಾನದಿಂದ ಅದೇ ನಿಮಿಷ ಸುಮಾರು 60 ಮೆಗಾಬೈಟಿಗೆ ಇಳಿಯಬಲ್ಲದು. ಪ್ರತಿ ಚೌಕಟ್ಟನ್ನೂ ಪೂರ್ತಿ ಬರೆಯುವ ಬದಲು 'ಈ ತುಣುಕು ಇಷ್ಟು ಬಲಕ್ಕೆ ಸರಿದಿದೆ' ಎಂದು ಬರೆದುಕೊಳ್ಳುವುದೇ ಇದರ ಗುಟ್ಟು. 2005ರಲ್ಲಿ ಯೂಟ್ಯೂಬ್ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಆರಂಭವಾದ ಮೇಲೆ ಮೊಬೈಲ್ ಡೇಟಾ ಅಗ್ಗವಾಯಿತು.

ಈ ಗುಟ್ಟು ತಿಳಿದವರು ಚಿತ್ರೀಕರಣದ ಜಾಗವನ್ನೂ ನೋಡಿ ಆರಿಸಬಹುದು. ಕುರುಗೋಡಿನ ಬಂಡೆಗುಡ್ಡದ ಮುಂದೆ ಮೊಬೈಲನ್ನು ಅಲುಗದಂತೆ ನಿಲ್ಲಿಸಿದರೆ ಹಿನ್ನೆಲೆ ಬದಲಾಗುವುದಿಲ್ಲ, ಉಳಿಸಿದ ಬಿಟ್‌ಗಳೆಲ್ಲ ನಟರ ಪಾಲಿಗೆ. ಸಿರುಗುಪ್ಪದ ಕಡೆ, ಗಾಳಿಗೆ ತೊನೆಯುವ ಭತ್ತದ ಗದ್ದೆ ಕಣ್ಣಿಗೆ ಹಬ್ಬ, ಸಂಕುಚನಕ್ಕೆ ಮಾತ್ರ ಕಂಟಕ. ಒಂದೊಂದು ತೆನೆಯೂ ಒಂದೊಂದು ದಿಕ್ಕಿಗೆ ಓಲಾಡುವುದರಿಂದ ಮುಂದಿನ ಚೌಕಟ್ಟನ್ನು ಊಹಿಸಲಾಗದೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ.

ಈಗ ಜಿಗಿತಕ್ಕೆ ಬರೋಣ. ಒಂದು ಮೀಟರ್ ಎತ್ತರದಿಂದ ಬೀಳಲು 0.45 ಸೆಕೆಂಡು ಬೇಕು, ನಾಲ್ಕು ಮೀಟರಿನಿಂದ 0.9 ಸೆಕೆಂಡು. ಎತ್ತರ ನಾಲ್ಕು ಪಟ್ಟಾದರೆ ಕಾಲ ಎರಡೇ ಪಟ್ಟು. ಆದ್ದರಿಂದ ಸೆಕೆಂಡಿಗೆ 60 ಚೌಕಟ್ಟುಗಳಂತೆ ತೆಗೆದು 30ರಂತೆ ತೋರಿಸಿದರೆ ಒಂದು ಮೀಟರಿನ ಜಿಗಿತ ತೆರೆಯ ಮೇಲೆ ನಾಲ್ಕು ಮೀಟರಿನ ಜಿಗಿತದಷ್ಟೇ ಹೊತ್ತು ಗಾಳಿಯಲ್ಲಿರುತ್ತದೆ. ಮೊಣಕಾಲಿಗಾದರೋ ಇದು ಸಣ್ಣ ವ್ಯತ್ಯಾಸವಲ್ಲ: ನೆಲಕ್ಕೆ ಅಪ್ಪಳಿಸುವ ಶಕ್ತಿ ನಾಲ್ಕರಲ್ಲಿ ಒಂದು ಪಾಲು ಮಾತ್ರ. ನಾಯಕನಂತೆ ಕಾಣಲು ಮಾಳಿಗೆ ಹತ್ತಬೇಕಿಲ್ಲ, ಮರಳಿನ ಗುಡ್ಡೆಯ ಪಕ್ಕದ ಒಂದು ಸ್ಟೂಲು ಸಾಕು. ಹುಡುಗರು ಕೈಕಾಲು ಮುರಿದುಕೊಳ್ಳುವ ಮೊದಲು ಅಧ್ಯಾಪಕರು ಇದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುವುದು ಒಳ್ಳೆಯದು.

ಕಾಲವನ್ನು n ಪಟ್ಟು ಹಿಗ್ಗಿಸಿದರೆ ಗುರುತ್ವ ವೇಗೋತ್ಕರ್ಷ n ವರ್ಗದಷ್ಟು ಕುಗ್ಗಿದಂತೆ ಕಾಣುತ್ತದೆ. 60 ಚೌಕಟ್ಟುಗಳನ್ನು 24ರ ವೇಗದಲ್ಲಿ ತೋರಿಸಿದರೆ n ಎಂದರೆ 2.5. ಆಗ 9.8 ಎಂಬುದು 1.57ಕ್ಕೆ ಇಳಿಯುತ್ತದೆ. ಚಂದ್ರನ ಮೇಲಿನ ಬೆಲೆ 1.62! ಆಟಿಕೆ ಲಾರಿಯನ್ನು ಉರುಳಿಸುವಾಗಲೂ ಇದೇ ಸೂತ್ರ. ಹದಿನಾರರಲ್ಲಿ ಒಂದು ಪಾಲು ಗಾತ್ರದ ಆಟಿಕೆ ನಿಜವಾದ ಲಾರಿಯಂತೆ ಬೀಳಬೇಕಾದರೆ ಅದರ ಚಲನೆಯನ್ನು ನಾಲ್ಕು ಪಟ್ಟು ನಿಧಾನಗೊಳಿಸಬೇಕು.

ಇಂಥ ದೃಶ್ಯಗಳನ್ನು ಬಿಸಿಲಲ್ಲೇ ತೆಗೆಯುವುದು ಲೇಸು. ನಮ್ಮ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್ ಆದ್ದರಿಂದ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. 120 ಚೌಕಟ್ಟುಗಳ ವೇಗದಲ್ಲಿ ತೆಗೆದರೆ ಎರಡರ ವ್ಯತ್ಯಾಸ 20. ಅದನ್ನು ನಾಲ್ಕು ಪಟ್ಟು ನಿಧಾನವಾಗಿ ತೋರಿಸಿದಾಗ ಸೆಕೆಂಡಿಗೆ ಐದು ಸಲ ಇಡೀ ಚಿತ್ರ ಮಿಡಿಯುತ್ತದೆ. ಶಬ್ದದ ಪಾಠದಲ್ಲಿ ಓದುವ ವಿಸ್ಪಂದವೇ ಇಲ್ಲಿ ಬೆಳಕಿನಲ್ಲಿ ಕಾಣಿಸುತ್ತದೆ.

ಇಷ್ಟೆಲ್ಲ ಮಾಡಿದ ಚಿತ್ರ ರಾತ್ರೋರಾತ್ರಿ ಮಾಯವಾಗಲೂಬಹುದು. ಕ್ಯಾಮೆರಾ, ನಟನೆ ನಮ್ಮದಾದರೂ ಕಥೆ, ಪಾತ್ರ, ಸಂಗೀತ ಬೇರೆಯವರದು. 'ಸ್ಟಾರ್ ಟ್ರೆಕ್' ಅಭಿಮಾನಿಗಳ 'ಆಕ್ಸನಾರ್' ಚಿತ್ರದ ಮೇಲೆ 2015ರಲ್ಲಿ ಹೂಡಿದ ಮೊಕದ್ದಮೆ 2017ರ ಜನವರಿಯಲ್ಲಿ ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ ಅಭಿಮಾನಿ ಚಿತ್ರದ ಕಥೆಯೊಂದು 15 ನಿಮಿಷ ಮೀರಬಾರದು, ಎರಡು ಭಾಗಗಳಾದರೆ ಒಟ್ಟು 30 ನಿಮಿಷ ಎಂಬ ನಿಯಮವನ್ನು ಚಿತ್ರಸಂಸ್ಥೆ ಹೊರಡಿಸಿತ್ತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ಖಾಸಗಿ ಬಳಕೆ, ವಿಮರ್ಶೆ ಮುಂತಾದವುಗಳಿಗೆ ವಿನಾಯಿತಿ ಕೊಡುತ್ತದೆ. ಅಭಿಮಾನಿ ಚಿತ್ರದ ಹೆಸರು ಅಲ್ಲಿಲ್ಲ.

ಮೊದಲು ಸಿಕ್ಕಿಬೀಳುವುದು ಸಾಮಾನ್ಯವಾಗಿ ಹಾಡು. 2007ರಲ್ಲಿ ಯೂಟ್ಯೂಬ್ ಜಾರಿಗೆ ತಂದ ಕಂಟೆಂಟ್ ಐಡಿ ವ್ಯವಸ್ಥೆ ಹೊಸ ಚಿತ್ರದ ಧ್ವನಿಯನ್ನೂ ದೃಶ್ಯವನ್ನೂ ಹಕ್ಕುದಾರರು ಕೊಟ್ಟ ಮಾದರಿಗಳೊಡನೆ ತಾನಾಗಿಯೇ ಹೋಲಿಸುತ್ತದೆ. ಹೊಡೆದಾಟದ ಹಿನ್ನೆಲೆಗೆ ಸಿನಿಮಾದ ಸಂಗೀತದ ಬದಲು ತಾವೇ ಹಲಗೆ ಬಾರಿಸಿ ಧ್ವನಿಮುದ್ರಿಸಿಕೊಂಡರೆ ಈ ಒಂದು ತೊಡಕಾದರೂ ತಪ್ಪುತ್ತದೆ.